ಇನ್ನೊಂದು ಸುತ್ತು ಮಲಗಲಿ

ನಮ್ಮ ಡಿಪೋದಲ್ಲಿ ಅವನಿಗಿದ್ದ ಅಡ್ಡಹೆಸರು ತೊಟ್ಟಿಲು. ಜೊತೆಯ ಡ್ರೈವರುಗಳು ಗೇಲಿಗೆಂದೇ ಇಟ್ಟ ಹೆಸರು ಅದು. ಆದರೆ ಗೊತ್ತಿದ್ದ ಜನ ಮೊದಲು ಬಂದ ಎರಡು ಬಸ್ಸು ಬಿಟ್ಟು ಅವನ ಬಸ್ಸಿಗೇ ಕಾಯುತ್ತಿದ್ದರು. ಬಸುರಿಯರು, ಮಂಡಿನೋವಿನ ಮುದುಕರು, ಪಾಳಿ ಮುಗಿಸಿ ಬರುವ ನರ್ಸುಗಳು. ನಾನು ಆ ಬಸ್ಸಿನ ಕಂಡಕ್ಟರು. ಒಂಬತ್ತು ವರ್ಷ ಜೊತೆಯಲ್ಲಿ ದುಡಿದೆವು. ನನ್ನ ಬಾಯಿ ಜೋರು, ಅವನ ಬ್ರೇಕು ಮೆತ್ತಗೆ, ಹೇಗೋ ಹೊಂದಿಕೊಂಡಿತ್ತು. ಅವನನ್ನು ಅಣ್ಣ ಅನ್ನುತ್ತಿದ್ದೆ, ಅವನ ಹೆಂಡತಿಯನ್ನು ಅತ್ತಿಗೆ.

ಡ್ಯೂಟಿಗೆ ಅರ್ಧ ಗಂಟೆ ಮುಂಚೆ ಬಂದು ಅಣ್ಣ ಬಸ್ಸಿನ ಮೈ ತಡವುತ್ತಿದ್ದ. ಗಡಗಡ ಅನ್ನುವ ಕಿಟಕಿಯ ಸಂದಿಗೆ ಹಳೇ ಸೈಕಲ್ ಟ್ಯೂಬಿನ ತುಂಡು ತುರುಕುವುದು, ಬಾಗಿಲಿನ ಕೀಲಿಗೆ ಗ್ರೀಸು ಹಚ್ಚುವುದು, ಹರಿದ ಸೀಟನ್ನು ಗೋಣಿ ಹೊಲಿಯುವ ದಬ್ಬಣದಿಂದ ಹೊಲಿಯುವುದು. ಇದ್ಯಾವುದೂ ಅವನ ಕೆಲಸವಲ್ಲ. ದಾರಿಯ ಒಂದೊಂದು ಗುಂಡಿಯೂ ಅವನಿಗೆ ಬಾಯಿಪಾಠ. ಸ್ಟಾಪು ಇನ್ನೂ ದೂರ ಇರುವಾಗಲೇ ಕಾಲು ಸಡಿಲಿಸಿ, ಬಸ್ಸು ತಾನಾಗಿ ದಣಿದು ನಿಂತಂತೆ ನಿಲ್ಲಿಸುತ್ತಿದ್ದ. ನಿಂತವರ ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಚೀಲ ಇರುತ್ತದೆ, ಕಂಬ ಹಿಡಿಯೋಕೆ ಮೂರನೇ ಕೈ ಎಲ್ಲಿಂದ ತರಬೇಕು ಅಂತ ಕೇಳುತ್ತಿದ್ದ. ಹಾಗಾಗಿ ಪ್ರತಿ ಟ್ರಿಪ್ಪೂ ನಾಲ್ಕು ನಿಮಿಷ ತಡ. ಮೆಮೊ ಬಂದರೆ ಮಡಿಸಿ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಬೈಸಿಕೊಳ್ಳುತ್ತಿದ್ದವಳು ನಾನು.

ಅತ್ತಿಗೆಗೆ ಹೃದಯದ ಕಾಯಿಲೆ. ಮಲಗಿದರೆ ಉಸಿರು ಕಟ್ಟುತ್ತಿತ್ತು. ರಾತ್ರಿಯಿಡೀ ಗೋಡೆಗೆ ಒರಗಿ ಕೂತೇ ಇರುತ್ತಿದ್ದಳು. ಹಗಲಲ್ಲಾದರೂ ಕಣ್ಣು ಮುಚ್ಚೋಣವೆಂದರೆ ಮನೆ ಇದ್ದದ್ದು ಹಿಟ್ಟಿನ ಗಿರಣಿಯ ಮೇಲೆ, ಒಂದೇ ಕೋಣೆ, ಬೆಳಿಗ್ಗೆಯಿಂದ ಸಂಜೆಯವರೆಗೆ ನೆಲ ನಡುಗುತ್ತಿತ್ತು. ನಿದ್ದೆಯೇ ಅರ್ಧ ಔಷಧಿ ಅಂದಿದ್ದರು ಡಾಕ್ಟರು. ಒಂದು ಮಧ್ಯಾಹ್ನ ಆಸ್ಪತ್ರೆಯಿಂದ ನಮ್ಮ ಬಸ್ಸಲ್ಲೇ ಬಂದಳು. ಡ್ರೈವರ್ ಹಿಂದಿನ ಸೀಟಲ್ಲಿ ಕೂತವಳು ಮೂರನೇ ಸ್ಟಾಪು ದಾಟುವಷ್ಟರಲ್ಲಿ ಗಾಢ ನಿದ್ದೆ. ಅಣ್ಣ ಕನ್ನಡಿಯಲ್ಲಿ ಅವಳನ್ನು ನೋಡಿದ. ಅವನ ಮುಖದಲ್ಲಿ ಅಂಥ ಬೆಳಕನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಅಂದಿನಿಂದ ದಿನಾ ಮಧ್ಯಾಹ್ನ ಎರಡರ ಟ್ರಿಪ್ಪಿಗೆ ಅತ್ತಿಗೆ ಬರುತ್ತಿದ್ದಳು. ಒಂದೂವರೆ ಗಂಟೆಯ ಸುತ್ತು. ಮತ್ತೆ ಅವಳ ಮನೆ ಹತ್ತಿರದ ನಿಲ್ದಾಣ ಬಂದಾಗ ನಾನು ಭುಜ ತಟ್ಟುತ್ತಿದ್ದೆ. ಇಷ್ಟು ಬೇಗ ಬಂತಾ ಅಂತ ಕೇಳಿ, ಸೆರಗು ಸರಿಮಾಡಿಕೊಂಡು ಇಳಿದು ಹೋಗುತ್ತಿದ್ದಳು. ಎಂಟು ತಿಂಗಳು ಹೀಗೇ ನಡೆಯಿತು. ಅವಳ ಮುಖಕ್ಕೆ ಸ್ವಲ್ಪ ಕಳೆ ಬಂದಿತ್ತು. ಅಣ್ಣನಿಗೋ, ಡಾಕ್ಟರ ಔಷಧಿಗಿಂತ ತನ್ನ ಸ್ಟೇರಿಂಗಿನ ಮೇಲೇ ನಂಬಿಕೆ. ಅದಕ್ಕೂ ನಾನು ಅವನನ್ನು ರೇಗಿಸುತ್ತಿದ್ದೆ.

ಆ ದಿನ ಅವಳು ಬಸ್ಸು ಹತ್ತುವಾಗಲೇ ಏದುಸಿರು ಬಿಡುತ್ತಿದ್ದಳು. ಹಿಂದಿನ ರಾತ್ರಿ ಕಣ್ಣಿಗೆ ಕಣ್ಣು ಹತ್ತಿರಲಿಲ್ಲವಂತೆ. ಕೂತು ಕಿಟಕಿಗೆ ತಲೆ ಒರಗಿಸಿದಳು, ನಿದ್ದೆ ಬಂತು. ಸುತ್ತು ಮುಗಿಯಿತು. ನಾನು ಎಬ್ಬಿಸಲು ಎದ್ದೆ. ಅಣ್ಣ ತಿರುಗಿ ನೋಡಿ ತಡೆದ.

"ಇವತ್ತೊಂದಿನ ಬೇಡಮ್ಮ. ಪಾಪ, ಇನ್ನೊಂದು ಸುತ್ತು ಮಲಗಲಿ."

ನನಗೂ ಸರಿಯೆನಿಸಿತು. ಎರಡನೇ ಸುತ್ತಿನಲ್ಲಿ ಅಣ್ಣ ಎಂದಿಗಿಂತ ಮೆಲ್ಲಗೆ ಓಡಿಸಿದ. ಹಾರ್ನು ಮುಟ್ಟಲಿಲ್ಲ. ಹಿಂದೆ ಜೋರಾಗಿ ಮಾತಾಡುತ್ತಿದ್ದ ಹುಡುಗರಿಗೆ ನಾನೇ ಬೆರಳು ತೋರಿಸಿ ಸುಮ್ಮನಿರಿಸಿದೆ. ಮಾರುಕಟ್ಟೆ ದಾಟಿದ ಮೇಲೆ ಅತ್ತಿಗೆಯ ಕೈ ಸೀಟಿನಿಂದ ಜಾರಿ ನೇತಾಡುತ್ತಿತ್ತು. ಎತ್ತಿ ಅವಳ ಮಡಿಲಲ್ಲಿ ಇಟ್ಟೆ. ಕೈ ತಣ್ಣಗೆ, ತೇವವಾಗಿತ್ತು. ಗಾಳಿಗೆ ಇರಬೇಕು ಅಂದುಕೊಂಡು ಕಿಟಕಿ ಎಳೆದೆ. ಟಿಕೆಟು ಕೊಡಲು ಹಿಂದೆ ಹೋದೆ.

ಸುತ್ತು ಮುಗಿದಾಗ ಭುಜ ತಟ್ಟಿದರೆ ಅವಳು ಏಳಲಿಲ್ಲ. ಅದೇ ಬಸ್ಸನ್ನು ಅಣ್ಣ ಆಸ್ಪತ್ರೆಗೆ ತಿರುಗಿಸಿದ. ಗುಂಡಿ ನೋಡಲಿಲ್ಲ, ಉಬ್ಬು ನೋಡಲಿಲ್ಲ. ಕೂತಿದ್ದ ಜನರೆಲ್ಲ ಎಗರಿ ಬೀಳುತ್ತಿದ್ದರು. ಡಾಕ್ಟರು ನಾಡಿ ಹಿಡಿದು ನೋಡಿದರು. ಒಂದು ಗಂಟೆ ಮುಂಚೆ ತಂದಿದ್ದರೆ ಏನಾದರೂ ಮಾಡಬಹುದಿತ್ತು ಅಂದರು. ಅವರು ಇದ್ದದ್ದು ಇದ್ದ ಹಾಗೆ ಹೇಳಿದರು. ಆದರೂ ಆ ಮನುಷ್ಯನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಅಂತ ಡಿಪೋದವರೆಲ್ಲ ಅಣ್ಣನಿಗೆ ಹೇಳಿದರು. ಹೇಳೋರಿಗೇನು. ತಿಂಗಳ ಮೇಲೆ ಡ್ಯೂಟಿಗೆ ಬಂದವನು ನನಗೆ ಒಂದೇ ಮಾತು ಹೇಳಿದ: ಬಸ್ಸಲ್ಲಿ ಯಾರು ಕಣ್ಣು ಮುಚ್ಚಿದರೂ ಎಬ್ಬಿಸು. ಹಾಗೇ ಎಬ್ಬಿಸಿದೆ. ಜನ ಬೈದರು. ಕಟ್ಟಡದ ಕೆಲಸ ಮುಗಿಸಿ ಬರುತ್ತಿದ್ದ ಒಬ್ಬ ಹೆಂಗಸನ್ನು ಒಂದೇ ಟ್ರಿಪ್ಪಲ್ಲಿ ಮೂರು ಸಲ ಎಬ್ಬಿಸಿದಾಗ ಅವಳು ಅತ್ತುಬಿಟ್ಟಳು. ಈ ಬಸ್ಸಲ್ಲಾದರೂ ಮೈಗೆ ಸುಖ ಸಿಗುತ್ತೆ ಅಂತ ಕಾದು ಹತ್ತಿದೆನಲ್ಲ ಅಂದಳು. ಅಣ್ಣನಿಗೆ ಅದು ಕೇಳಿಸಿತು. ಮರುದಿನ ಅರ್ಜಿ ಬರೆದುಕೊಟ್ಟು ಡ್ರೈವರ್ ಕೆಲಸ ಬಿಟ್ಟ, ಬಸ್ಸು ತೊಳೆಯುವ ಶೆಡ್ಡಿಗೆ ಹೋದ.

ತಣ್ಣಗಿದ್ದ ಆ ಕೈ ನನ್ನ ಕೈಯಿಂದ ಹೋಗಲೇ ಇಲ್ಲ. ಬಾಯಿಬಡಕಿ ಅನಿಸಿಕೊಂಡ ನಾನು ಆ ಒಂದು ಮಾತನ್ನು ಐದು ತಿಂಗಳು ನುಂಗಿಕೊಂಡಿದ್ದೆ. ಕೊನೆಗೆ ಒಂದು ಬೆಳಿಗ್ಗೆ ಶೆಡ್ಡಿಗೆ ಹೋದೆ. ಅಣ್ಣ ಪೈಪು ಹಿಡಿದು ಚಕ್ರ ತೊಳೆಯುತ್ತಿದ್ದ. ಮೊದಲಿಗಿಂತ ಸಣಕಲಾಗಿದ್ದ.

"ಮಾರ್ಕೆಟ್ ದಾಟಿದಾಗ ಅತ್ತಿಗೆ ಕೈ ಮುಟ್ಟಿದ್ದೆ ಅಣ್ಣ. ತಣ್ಣಗಿತ್ತು. ನನಗೆ ತಿಳೀಲಿಲ್ಲ. ಕಿಟಕಿ ಹಾಕಿ ಹೋದೆ."

ಅವನು ನಲ್ಲಿ ನಿಲ್ಲಿಸಿದ. ಬೈಯುತ್ತಾನೆ ಅಂತ ಕಾದೆ, ಬೈದರೆ ಸಾಕು ಅನಿಸುತ್ತಿತ್ತು. ಅವನು ನನ್ನ ಮುಖ ನೋಡದೆ ಹೇಳಿದ.

"ಗೊತ್ತು ಕಣಮ್ಮ. ಕನ್ನಡೀಲಿ ನೋಡ್ದೆ. ನೀನು ಕೈ ಎತ್ತಿಟ್ಟು ಕಿಟಕಿ ಹಾಕಿದ್ದು ನೋಡಿ, ಅವಳು ಬೆಚ್ಚಗೆ ಮಲಗಿದ್ದಾಳೆ ಅಂದ್ಕೊಂಡೆ. ಅದಕ್ಕೇ ಇನ್ನೂ ನಿಧಾನ ಮಾಡ್ದೆ."

ಮತ್ತೆ ನಲ್ಲಿ ತಿರುಗಿಸಿ ಹಿಂದಿನ ಚಕ್ರದ ಕಡೆ ಹೋದ. ನನ್ನ ಟ್ರಿಪ್ಪಿಗೆ ಹೊತ್ತಾಗಿತ್ತು, ನಾನು ಅಲ್ಲೇ ನಿಂತಿದ್ದೆ.