ಆಯಿಯ ಮೂಗು, ಮುತ್ಯಾನ ಚಾದರ

ತೊಂಬತ್ತರ ದಶಕದ ಕೊನೆಯ ಒಂದು ಚಳಿಗಾಲದಲ್ಲಿ ನಮ್ಮ ಆಯಿಯನ್ನು, ಅಂದರೆ ಅವ್ವನ ತಾಯಿಯನ್ನು, ಅಕ್ಕಲಕೋಟದಿಂದ ಸೊಲ್ಲಾಪುರದ ನಮ್ಮ ಮನೆಗೆ ಕರೆತಂದರು. ಹದಿನೈದು ದಿನದಿಂದ ನೆಗಡಿ, ಹಣೆ ಭಾರ, ಸಣ್ಣ ಜ್ವರ, ಮೂಗಿಗೆ ಯಾವ ವಾಸನೆಯೂ ತಿಳಿಯದು. ಬರುವಾಗ ಅವಳು ತಂದದ್ದು ಒಂದು ಕೈಚೀಲ, ಮತ್ತೆ ತೀರಿಹೋದ ಅವಳ ಗಂಡ, ನಮ್ಮ ಮುತ್ಯಾ, ಹೊದೆಯುತ್ತಿದ್ದ ಹಳೆಯ ಚಾದರ.

ವಿಜಾಪುರ ರಸ್ತೆಯ ಡಾಕ್ಟರು ಸೈನಸ್ಸಿನಲ್ಲಿ ಕೀವು ತುಂಬಿದೆ ಎಂದು ಏಳು ಗುಳಿಗೆ ಬರೆದುಕೊಟ್ಟರು. "ದಿನಕ್ಕ ಒಂದ ಸಾಕ್ರಿ. ಮುರೀಬ್ಯಾಡ್ರಿ, ಅಗೀಬ್ಯಾಡ್ರಿ, ಉಂಡಮ್ಯಾಲ ಇಡೀದು ನುಂಗ್ರಿ. ಹೊಟ್ಟ್ಯಾಗ ದಿನಪೂರ್ತಿ ಸಾವಕಾಶ ಬಿಡತದ."

ಆ ಸಾವಕಾಶ ಆಯಿಗೆ ಬಹಳ ಹಿಡಿಸಿತು. "ನಿಮ್ಮ ಮುತ್ಯಾರಂಗ ಅದ ಬಿಡು," ಎಂದಳು. "ಅವರೂ ಯಾವತ್ತೂ ಗಡಿಬಿಡಿ ಮಾಡಿದವರಲ್ಲ."

ಗುಳಿಗೆ ಕೊಡುವ ಕೆಲಸ ನನ್ನದು. ಆಗ ನಾನು ಕಾಲೇಜಿನಲ್ಲಿ ಮೊದಲ ವರ್ಷದ ವಿಜ್ಞಾನ ಓದುತ್ತಿದ್ದೆ. ಜಗತ್ತಿನ ಕ್ರಿಮಿಗಳೆಲ್ಲ ನನ್ನ ಸುಪರ್ದಿಯಲ್ಲಿವೆ ಎಂಬ ಗರ್ವ ಬೇರೆ. ಎರಡನೆಯ ದಿನ ಆಯಿ ಸ್ನಾನಕ್ಕೆ ಹೋದಾಗ ಹಾಸಿಗೆಯ ಅರಿವೆಗಳ ಜೊತೆ ಆ ಚಾದರವನ್ನೂ ಬಿಸಿನೀರು, ಸೋಪಿನಲ್ಲಿ ನೆನೆಹಾಕಿ, ತಿಕ್ಕಿ, ಮಾಳಿಗೆಯ ಮೇಲೆ ಒಣಹಾಕಿದೆ.

ಅವ್ವ ನೋಡಿ ಹಣೆ ಚಚ್ಚಿಕೊಂಡಳು. "ಖೋಡಿ, ಮುತ್ಯಾ ಹೋದಾಗಿಂದ ಆಕಿ ಅದಕ್ಕ ನೀರು ತೋರಿಸಿಲ್ಲ. ಅವರ ವಾಸನಿ ಅದ ಅಂತ ದಿನಾ ಮೂಗಿಗೆ ಹಿಡಕೊಂಡು ಮಲಗತಾಳ. ಮೂಗು ಬಿಟ್ಟಮ್ಯಾಲ ಏನು ಹೇಳ್ತಿ?"

ಬಿಸಿಲಿಗೆ ಹಾಕಿದ್ದೆವು ಎಂದು ಸುಳ್ಳು ಹೇಳಿ ಅವ್ವನೇ ಸಂಜೆ ಚಾದರ ಮರಳಿಸಿದಳು.

ಆಮೇಲಿನ ದಿನಗಳು ಜ್ವರ ನನಗೇ ಬಂದಂತೆ ಕಳೆದವು. ದೂರದಲ್ಲೆಲ್ಲೋ ಪವರ್‌ಲೂಮುಗಳು ಖಟಖಟ ಎನ್ನುತ್ತಲೇ ಇರುತ್ತಿದ್ದವು. ಆಯಿ ಚಾದರ ಹೊದ್ದು ಕಿಟಕಿಯ ಬಿಸಿಲಿನಲ್ಲಿ ತೂಕಡಿಸುತ್ತಿದ್ದಳು. ಪಕ್ಕದಲ್ಲಿ ಕೂತ ನನ್ನ ಅರೆಮುಚ್ಚಿದ ಕಣ್ಣಿಗೆ ಅವಳ ಹೊಟ್ಟೆಯೊಳಗೆ ಆ ಗುಳಿಗೆ ಕಲ್ಲುಸಕ್ಕರೆಯಂತೆ ಕರಗುವುದು ಕಾಣುತ್ತಿತ್ತು. ಅದು ಕರಗಿದಷ್ಟೂ ಮೂಗು ತೆರೆಯುತ್ತದೆ, ತೆರೆದ ದಿನ ಮುತ್ಯಾ ಇನ್ನೊಮ್ಮೆ ಹೋಗುತ್ತಾನೆ.

ಐದನೆಯ ದಿನ ಗುಳಿಗೆಯನ್ನು ಮುಷ್ಟಿಯಲ್ಲೇ ಹಿಡಿದು ನಿಂತೆ. ಒಂದು ತಪ್ಪಿದರೇನು ಅನ್ನಿಸಿತ್ತು.

"ತಾ ಇಲ್ಲಿ, ಕೈ ಬೆವತು ಅಲ್ಲೇ ಕರಗೀತು," ಎಂದು ಆಯಿ ನನ್ನ ಬೆರಳು ಬಿಡಿಸಿ ತೆಗೆದುಕೊಂಡಳು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಏಳನೆಯ ದಿನ ಮಧ್ಯಾಹ್ನ ಕೊನೆಯ ಗುಳಿಗೆ ನುಂಗಿ, ಆಯಿ ಚಾದರವನ್ನು ಮುಖಕ್ಕೆ ಒತ್ತಿಕೊಂಡಳು. ಬಹಳ ಹೊತ್ತು ತೆಗೆಯಲಿಲ್ಲ.

"ಆಯಿ, ನಾ ಅದನ್ನ..." ಎಂದು ಶುರುಮಾಡಿದೆ.

"ಮೂಗು ಇನ್ನಾ ಬಿಟ್ಟಿಲ್ಲವ್ವಾ," ಎಂದಳು, ಚಾದರವನ್ನು ನಿಧಾನವಾಗಿ ಮಡಚುತ್ತ. "ಏನೂ ತಿಳೀವಲ್ದು." ಮಡಚಿದ್ದನ್ನು ತೊಡೆಯ ಮೇಲಿಟ್ಟು ಮತ್ತೆ, "ಹೋಗು, ಒಳಗ ಹಾಲು ತಳಾ ಹಿಡ್ಯಾಕತ್ತಾವ. ಗ್ಯಾಸ್ ಸಣ್ಣ ಮಾಡು."

ಅಡುಗೆಮನೆ ಎರಡು ಕೋಣೆ ಆಚೆಗಿತ್ತು. ನನಗೆ ಇನ್ನೂ ಯಾವ ವಾಸನೆಯೂ ಬಂದಿರಲಿಲ್ಲ. ಹೋಗಿ ನೋಡಿದರೆ ಹಾಲು ಆಗಲೇ ತಳ ಹಿಡಿಯತೊಡಗಿತ್ತು. ಗ್ಯಾಸ್ ಆರಿಸಿ, ಹಾಲಿನ ಪಾತ್ರೆಯ ಮುಂದೆ ನಿಂತು ಅತ್ತುಬಿಟ್ಟೆ.