ಅಮ್ಮನ ಬೆನ್ನಿಗೆ ಕೆತ್ತಿದ ಕುರ್ಚಿ

ಆ ಹಲಸಿನ ಕುರ್ಚಿ ಈಗ ನನ್ನ ಮನೆಯಲ್ಲಿದೆ. ನನ್ನ ಬೆನ್ನಿಗೆ ಅದು ಹೊಂದುವುದಿಲ್ಲ. ಆದರೂ ಯಾರಾದರೂ ಕೊಡು ಎಂದು ಕೇಳಿದರೆ ಜಗಳಕ್ಕೇ ನಿಲ್ಲುತ್ತೇನೆ.

ಅಮ್ಮನಿಗೆ ಸೊಂಟ ಹಿಡಿದುಕೊಂಡಾಗ ನಾನು ಪಿಯುಸಿಯಲ್ಲಿದ್ದೆ. ವರ್ಷಗಟ್ಟಲೆ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ಕಾಫಿ ಬೀಜ ಆರಿಸಿದ್ದರ ಫಲ. ಇನ್ನು ನೆಲದಲ್ಲಿ ಕೂರಲೇಬಾರದು ಎಂದರು ಸಕಲೇಶಪುರದ ಡಾಕ್ಟರು. ಅಮ್ಮ ಅತ್ತೇಬಿಟ್ಟಳು. ಬೀಜ ಆರಿಸಲು ಅಕ್ಕಪಕ್ಕದ ಹೆಂಗಸರೆಲ್ಲ ನಮ್ಮಲ್ಲಿ ಸೇರಿ ಊರನ್ನೆಲ್ಲ ಆಡಿಕೊಂಡು ನಗುತ್ತಿದ್ದರು. ಆ ಗುಂಪು ಬಿಟ್ಟು ಒಳಗೆ ಮಲಗುವುದೆಂದರೆ ಅವಳಿಗೆ ಜೀವ ಹೋದ ಹಾಗೆ.

ಕುರ್ಚಿ ಮಾಡಿಸಲು ಅಪ್ಪ ಯಸಳೂರು ಕಡೆಯ ಆಚಾರಿಯನ್ನು ಕರೆಸಿದ. ಅವರು ಟೇಪು ಮುಟ್ಟಲೇ ಇಲ್ಲ. ಕಾಫಿ ಹೊಟ್ಟು ಅರ್ಧ ತುಂಬಿದ ಎರಡು ಗೋಣಿಚೀಲ ತರಿಸಿ, ಜಗಲಿಯ ಬೆಂಚಿನ ಮೇಲೆ ಒಂದನ್ನು ಹಾಸಿ, ಇನ್ನೊಂದನ್ನು ಗೋಡೆಗೆ ಆನಿಸಿ, "ಕೂತ್ಕಳಿ ಅಕ್ಕಾ, ಹೆಂಗ್ ಹಿತವಾಗ್ತದೋ ಹಂಗೆ" ಎಂದರು. ಅಮ್ಮ ಎದ್ದ ಮೇಲೆ ಗೋಣಿಯಲ್ಲಿ ಬಿದ್ದ ಗುಂಡಿಗೆ ಕಡ್ಡಿ ಇಳಿಸಿ ಆಳ ಗುರುತು ಮಾಡಿಕೊಂಡರು. ಹಲಗೆಯನ್ನೂ ಅಷ್ಟೇ ಆಳಕ್ಕೆ ಕೆತ್ತುವುದು ಅವರ ಪದ್ಧತಿ.

ಕುರ್ಚಿ ಬಂತು. ನೋಡಲು ಏನು ಚೆಂದ! ಆದರೆ ಅಮ್ಮ ಕೂತ ಸ್ವಲ್ಪ ಹೊತ್ತಿಗೇ "ಅಯ್ಯಯ್ಯೋ" ಎಂದು ಎದ್ದಳು. ಬೆನ್ನಿಗೆ ಆಸರೆಯಿಲ್ಲ, ತೊಡೆಯೆಲ್ಲ ಜೋಮು. ನನಗೆ ಉರಿದುಹೋಯಿತು.

"ಇದೇನ್ ಕೋಳಿ ಕೂರಕ್ ಮಾಡಿದ್ದಾ ಮಾರಾಯ್ರೇ?" ಎಂದುಬಿಟ್ಟೆ.

ಆಚಾರಿ ಬೇಜಾರು ಮಾಡಿಕೊಳ್ಳಲಿಲ್ಲ. "ಅಕ್ಕ ಅವತ್ತು ಬೆಂಚಿನ ತುದೀಲೇ ಕೂತಿದ್ರು ಕಣವ್ವ. ನಂಗೂ ಹೊಳೀಲಿಲ್ಲ" ಎಂದರು.

ಆಗ ನೆನಪಾಯಿತು. ಅವತ್ತು ಜಗಲಿಯಲ್ಲಿ ಎದುರಿಗೇ ಅಜ್ಜ, ಅಪ್ಪನ ಅಪ್ಪ, ಎಲೆಅಡಿಕೆ ಮೆಲ್ಲುತ್ತ ಕೂತಿದ್ದ. ಮಾವನ ಮುಂದೆ ಸೊಸೆ ಒರಗಿ ಕೂರುವುದುಂಟೇ? ಅಮ್ಮ ಯಾವಾಗ ಬೇಕಾದರೂ ಎದ್ದು ನಿಲ್ಲುವ ಹಾಗೆ ಕೂತಿದ್ದಳು. ಕುರ್ಚಿಯೂ ಹಾಗೆಯೇ ಆಗಿತ್ತು.

ಮತ್ತೆ ಗೋಣಿ ಹಾಸಬೇಕು, ಆದರೆ ಜಗಲಿಯಿಂದ ಏಳು ಎಂದು ಅಜ್ಜನಿಗೆ ಹೇಳುವವರು ಯಾರು? ಅಪ್ಪ ನನ್ನ ಮುಖ ನೋಡಿದ, ನಾನು ಅಪ್ಪನ ಮುಖ ನೋಡಿದೆ. ಅಷ್ಟರಲ್ಲಿ ಅಜ್ಜನೇ ಎದ್ದು, "ಮೆಣಸಿನ ಬಳ್ಳಿ ನೋಡ್ಕಂಡ್ ಬತ್ತೀನಿ" ಎಂದು ತೋಟಕ್ಕೆ ಇಳಿದ. ಅಮ್ಮ ಮೆಲ್ಲಗೆ ಹಿಂದಿನ ಗೋಣಿಗೆ ಒರಗಿ ಕಣ್ಣು ಮುಚ್ಚಿದಳು. ಅವಳು ಹಾಗೆ ಕೂತದ್ದನ್ನು ನಾನು ಅದುವರೆಗೂ ನೋಡಿರಲಿಲ್ಲ.

ಎರಡನೆಯ ಕುರ್ಚಿ ಹೇಳಿ ಮಾಡಿಸಿದ ಹಾಗಿತ್ತು. ಅಮ್ಮ ಅಂಗಳಕ್ಕೆ ಮರಳಿದಳು, ನಗು ಮರಳಿತು. ಆದರೆ ಅಜ್ಜ ತೋಟದಿಂದ ಬಂದರೆ ಸಾಕು, ಸೊಂಟ ಹಿಡಿದುಕೊಂಡು ದಡಬಡ ಎದ್ದು ನಿಲ್ಲುವಳು. ಎಷ್ಟು ಬೈದರೂ ಕೇಳಳು.

ಒಂದು ದಿನ ದನಕ್ಕೆ ಹುಲ್ಲು ಹಾಕಲು ಹೋದರೆ, ಕೊಟ್ಟಿಗೆಯ ಹಿಂದಿನ ಸಗಣಿ ರೊಚ್ಚೆಯಲ್ಲಿ ಅಜ್ಜ ಕೋಲೂರಿಕೊಂಡು ಬರುತ್ತಿದ್ದ.

"ಇದೇನಜ್ಜ, ಇಲ್ಲಿಂದ?"

"ಮುಂದ್ಲಿಂದ ಬಂದ್ರೆ ಎದ್ ನಿಂತ್ಕತೈತೆ ಕಣೆ ನಿಮ್ಮಮ್ಮ. ಕೂತ್ಕಳ್ಳಿ ಬಿಡು."

ಆಮೇಲೆ ಇರುವಷ್ಟು ಕಾಲವೂ ಅಜ್ಜ ಹಿತ್ತಲ ಬಾಗಿಲಿಂದಲೇ ಬಂದ. ಆ ಮಾತನ್ನು ನಾನು ಅಮ್ಮನಿಗೆ ಹೇಳಲಿಲ್ಲ. ಆದರೆ ಜಗಲಿಯ ಮೆಟ್ಟಿಲ ಬಳಿ ಇರುತ್ತಿದ್ದ, ಅಜ್ಜ ಕಾಲು ತೊಳೆಯುವ ನೀರಿನ ಚೊಂಬು ಕೆಲವೇ ದಿನಗಳಲ್ಲಿ ಹಿತ್ತಲ ಬಾಗಿಲಿಗೆ ಹೋಗಿತ್ತು. ಅದನ್ನು ಅಲ್ಲಿಟ್ಟವಳು ಅಮ್ಮ.