ಪೊಟ್ಟಣದಲ್ಲಿ ಬಂದ ವರದಿ

ದಿನಸಿ ಕಟ್ಟಿದ ಕಾಗದವನ್ನು ಓದದೆ ಎಸೆಯಲಾರದ ಚಾಳಿಯೊಂದು ನನಗಿದೆ. ಮೈಸೂರಿನಲ್ಲಿ ಎಂ.ಎ. ಮುಗಿಸಿ ನೊಣವಿನಕೆರೆಗೆ ಮರಳಿದ ಮೇಲೆ ನನ್ನ ಉನ್ನತ ವ್ಯಾಸಂಗವೆಲ್ಲ ಹುರಿಗಡಲೆಯ ಪೊಟ್ಟಣಗಳಲ್ಲೇ ನಡೆಯಿತೆಂದರೆ ವಿಶ್ವವಿದ್ಯಾನಿಲಯ ಬೇಸರಿಸಬಾರದು.

ಒಂದು ಸಂಜೆ ಬಿಡಿಸಿದ ಪೊಟ್ಟಣದ ನೆತ್ತಿಯಲ್ಲಿ ‘ಮಾನ್ಯ ಶಾಸಕರ ಉಪಯೋಗಕ್ಕೆ ಮಾತ್ರ’ ಎಂದಿತ್ತು. ಮಾನ್ಯಳೂ ಅಲ್ಲದ, ಶಾಸಕಿಯೂ ಅಲ್ಲದ ನಾನು ಸಾವಕಾಶವಾಗಿ ಓದಿದೆ. ಸರ್ಕಾರದ ಖರ್ಚಿನಲ್ಲಿ, ಶಾಸನಸಭೆಗಾಗಿ, ಕೊಬ್ಬರಿ ಮಾರುಕಟ್ಟೆಗಳ ಬಗ್ಗೆ ಯಾರೋ ಶ್ರದ್ಧೆಯಿಂದ ಸಿದ್ಧಪಡಿಸಿದ ಸಂಶೋಧನಾ ವರದಿಯ ಹಾಳೆ ಅದು. ಮಾದರಿ ನೋಡುವ ನೆಪದಲ್ಲಿ ವರ್ತಕರು ಪ್ರತಿ ಚೀಲದಿಂದ ಎತ್ತಿಕೊಂಡು ಹಿಂದಿರುಗಿಸದ ಕೊಬ್ಬರಿಯ ಪ್ರಸ್ತಾಪ ಬಂದು, ‘ಬೆಳೆಗಾರನು ಇದನ್ನು ನಿರಾಕರಿಸಲು’ ಎಂಬಲ್ಲಿಗೆ ಹಾಳೆ ಮುಗಿದಿತ್ತು.

ನಿರಾಕರಿಸಲು ಹಕ್ಕುಂಟೋ ಇಲ್ಲವೋ? ಅದು ಅಪ್ಪನ ಪ್ರಶ್ನೆ. ವರ್ಷವೆಲ್ಲ ತೆಂಗಿನಕಾಯನ್ನು ಅಟ್ಟದಲ್ಲಿಟ್ಟು, ಕಿವಿಯ ಬಳಿ ಅಲ್ಲಾಡಿಸಿ, ಒಳಗೆ ಒಣಗಿದ ಕೊಬ್ಬರಿಯುಂಡೆ ಲೊಟಲೊಟ ಎಂದ ಮೇಲಷ್ಟೇ ಸುಲಿಸುವ ಮನುಷ್ಯ, ತಿಪಟೂರಿನ ಮಂಡಿಯಲ್ಲಿ ತಮ್ಮ ಚೀಲಕ್ಕೆ ಪರರ ಕೈ ಇಳಿಯುವಾಗ ಆಕಾಶ ನೋಡುತ್ತ ನಿಲ್ಲುತ್ತಿದ್ದರು. “ತಾತನ ಕಾಲದಿಂದ್ಲೂ ಹಂಗೇ ಕಣೇ. ಬ್ಯಾಡ ಅನ್ನಾಕೆ ಕಾನೂನೈತಾ?”

ವರದಿಯ ಪ್ರತಿ ಕೋರಿ ರಾಜಧಾನಿಯ ಶಾಸನಸಭಾ ಕಚೇರಿಗೆ ಬರೆದೆ. ‘ಸದರಿ ವರದಿಯು ಸಾರ್ವಜನಿಕರ ಅವಗಾಹನೆಗಲ್ಲ’ ಎಂಬ ಒಂದೇ ಸಾಲಿನ ಉತ್ತರ ಬಂತು. ಅಪ್ಪ ಅದನ್ನು ಎರಡು ಸಲ ಓದಿಸಿಕೊಂಡರು. “ಅಟ್ಟದ ಕಾಯೂ ವರ್ಷಕ್ಕೊಂದ್ಸಲ ಕೆಳಗಿಳೀತದೆ. ಇದ್ಯಾವ ಅಟ್ಟನೇ ಇದು?”

ಬಸ್ಸಿನಲ್ಲಿ ‘ಸ್ವಲ್ಪ ಸರೀರಿ’ ಎನ್ನಲೂ ಸಂಕೋಚಪಡುವವಳು ನಾನು. ಆದರೆ ನಮ್ಮ ಕೊಬ್ಬರಿಯ ಕಥೆಯನ್ನು ನಮ್ಮದೇ ತೆರಿಗೆಯಲ್ಲಿ ಬರೆಸಿ, ನಮಗೇ ನಿಷೇಧಿಸಿದ ಆ ಸಾಲು ನನ್ನೊಳಗೆ ಏನನ್ನೋ ಅಲ್ಲಾಡಿಸಿತು. ಮರುದಿನದಿಂದ, ಆ ಪೊಟ್ಟಣ ಕಟ್ಟಿಕೊಟ್ಟಿದ್ದ ಶಿವಣ್ಣನ ದಿನಸಿ ಅಂಗಡಿಯಲ್ಲಿ ದಿನಕ್ಕೆರಡು ಸಲ ಹುರಿಗಡಲೆ ಕೊಳ್ಳತೊಡಗಿದೆ. ವರದಿಯ ಪುಟಗಳು ಹಿಂದುಮುಂದಾಗಿ ಬಂದವು. ಬೇಕಾದ್ದು ಮಾತ್ರ ಬರಲಿಲ್ಲ. ಮನೆಯಲ್ಲಿ ಚಟ್ನಿಪುಡಿ ಉಕ್ಕಿ ಹರಿಯಿತು.

ಹತ್ತನೆಯ ದಿನ ಶಿವಣ್ಣ ತಕ್ಕಡಿ ಕೆಳಗಿಟ್ಟ. “ಅಕ್ಕಾವ್ರೇ, ಎಂಎ ಓದಿದೋರು ಇಷ್ಟೊಂದ್ ಕಡ್ಲೆ ತಿನ್ಬೇಕು ಅಂತ ಏನಾರ ಐತೇನ್ರೀ?”

ನಾಚಿಕೊಂಡು ವಿಷಯ ಹೇಳಿದೆ.

“ಅಷ್ಟೇಯಾ? ಕೇಳಾದಲ್ವಾ!” ಎಂದು ಬೆಲ್ಲದ ಪಿಂಡಿಯ ಹಿಂದಿನಿಂದ ಉಳಿದ ಹಾಳೆಗಳ ಕಟ್ಟನ್ನೆಲ್ಲ ಎಳೆದುಕೊಟ್ಟ. ಯಾವ ಮಾನ್ಯರ ಮನೆಯ ರದ್ದಿಯೋ, ಬಹುತೇಕ ಹಾಳೆಗಳ ಅಂಚು ಸಹ ಮಡಿಚಿರಲಿಲ್ಲ. ಮೂರನೆಯ ಹಾಳೆಯಲ್ಲೇ ಸಿಕ್ಕಿತು: ‘ಪೂರ್ಣ ಹಕ್ಕುಳ್ಳವನು, ಈ ಪದ್ಧತಿಗೆ ಯಾವ ನಿಯಮದ ಆಧಾರವೂ ಇಲ್ಲ.’

ಮುಂದಿನ ಸಲ ಅಪ್ಪನ ಜೊತೆ ತಿಪಟೂರಿನ ಮಂಡಿಗೆ ನಾನೂ ಹೋದೆ. ವರ್ತಕನ ಕೈ ಬಂದಾಗ ಅಪ್ಪ ಚೀಲದ ಬಾಯಿಗೆ ಅಂಗೈ ಅಡ್ಡವಿಟ್ಟು ನನ್ನ ಮುಖ ನೋಡಿದರು. ಎರಡೂ ಹಾಳೆ ಬಿಡಿಸಿ ಓದತೊಡಗಿದೆ. ಅಕ್ಕಪಕ್ಕದ ಬೆಳೆಗಾರರು ಹತ್ತಿರ ಬಂದರು. ವರ್ತಕ ಬಗ್ಗಿ ಇಣುಕಿದ.

“ಶಾಸಕರಿಗೆ ಮಾತ್ರ ಅಂತ ಮೇಲೇ ಬರ್ದೈತಲ್ರೀ?”

“ಹೌದು, ಅದಕ್ಕೇ ಗಟ್ಟಿಯಾಗಿ ಓದ್ತಿದೀನಿ.”

ಅವನು ಗೊಣಗುತ್ತ ಪಕ್ಕದ ಚೀಲಕ್ಕೆ ಕೈ ಚಾಚಿದ. ಅಲ್ಲೂ ಒಂದು ಅಂಗೈ ಅಡ್ಡ ಬಂದಿತ್ತು.

ಪೊಟ್ಟಣ ಓದುವ ಚಾಳಿ ಇನ್ನೂ ಹೋಗಿಲ್ಲ. ಆದರೆ ಈಗ ಪ್ರತಿ ಭಾನುವಾರ ಕಾರ್ಬನ್ ಕಾಗದವಿಟ್ಟು ಆ ಎರಡು ಹಾಳೆಗಳನ್ನು ನಕಲು ಮಾಡಿ ಶಿವಣ್ಣನಿಗೆ ಕೊಡುತ್ತೇನೆ. ಊರಿನ ಕಡಲೆ, ಬೆಲ್ಲ, ಕಾಫಿಪುಡಿಯೆಲ್ಲ ಅದರಲ್ಲೇ ಮನೆಮನೆಗೆ ಹೋಗುತ್ತಿದೆ. ಒಂದಕ್ಷರವನ್ನೂ ಬದಲಿಸಿಲ್ಲ. ನೆತ್ತಿಯ ಆ ಸಾಲನ್ನು ಮಾತ್ರ ಬರೆಯುವುದಿಲ್ಲ.